ತೂಕ ಹಾಕಿ ಕೊಂಡ ಪ್ರೊಸೆಸರು

ರಿಪೇರಿ ಅಂಗಡಿ ಇಟ್ಟವರು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ, ಬೆಳಿಗ್ಗೆ ಶಟರ್ ಎತ್ತಿದರೆ ಸಾಕು. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಸತ್ತ ಕಂಪ್ಯೂಟರನ್ನೂ ಎಬ್ಬಿಸಿ ಕೂರಿಸುವವಳು ಎಂದು ಹೆಸರಿದೆ. ಆ ಹೆಸರು ಕೊಟ್ಟುಕೊಂಡವಳು ನಾನೇ ಆದರೂ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ಹೋದ ಮದುವೆ ಸೀಸನ್ನಿನಲ್ಲಿ ಬಂದ ಒಂದು ಹಳೇ ಡೆಸ್ಕ್‌ಟಾಪಿನ ಕತೆ ಇದು.

೧. ಮೆಕ್ಯಾನಿಕ್ ಎಲ್ಲಿ?

ಕೆಜಿಎಫ್‌ನಿಂದ ಮಾವ, ಸೊಸೆ ಆಟೋದಲ್ಲಿ ಅದನ್ನು ತಂದಿಳಿಸಿದರು. ಮಾವ ಚಿನ್ನದ ಗಣಿ ಮುಚ್ಚುವವರೆಗೂ ಸುರಂಗದಲ್ಲಿ ದುಡಿದ ತಾತ. ಸೊಸೆ ಕ್ಯಾಸಂಬಳ್ಳಿ ಕಡೆಯ ಹೆಣ್ಣು, ಟೈಲರು. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಎಂಬ್ರಾಯ್ಡರಿ ಮಷೀನಿಗೆ ಹಾಕಿ ಮದುವೆ ಬ್ಲೌಸು ಹೊಲಿಯುತ್ತಾಳೆ.

ತಾತ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ, ಮೆಕ್ಯಾನಿಕ್ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ಸರಿ, ಅವರು ಬರುವವರೆಗೆ ಕೂತಿರುತ್ತೇವೆ ಎಂದು ಸ್ಟೂಲು ಎಳೆದುಕೊಂಡರು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಕ್ಯಾಬಿನೆಟ್ಟಿನ ಬಾಗಿಲು ಬಿಚ್ಚಿದೆ. ತಾತ ಗಾಬರಿಯಿಂದ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅವ್ರು ಬಂದ್ರೆ ನಿನ್ನ ಬೈಯಲ್ವಾಮಾ?"

೨. ಅಂಗಿ ತೊಟ್ಟ ಕಂಪ್ಯೂಟರು

ಬಂದಾಗ ಆ ಕ್ಯಾಬಿನೆಟ್ಟಿಗೆ ವೆಲ್ವೆಟ್ಟಿನ ಕವರು ಇತ್ತು. ಅಂಚಿಗೆ ಜರಿ, ಎದೆಯ ಮೇಲೆ ನವಿಲು. ಧೂಳು ಕೂರಬಾರದೆಂದು ಸೊಸೆಯೇ ಅಳತೆ ತೆಗೆದು ಹೊಲಿದದ್ದಂತೆ. ಕೆಲಸ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ. ಒಳಗಿನ ಫ್ಯಾನಿನ ಸುತ್ತ ಬಟ್ಟೆಯ ನೂಲು, ಜುಂಗು ಸೇರಿ ಒಂದು ದಿಂಬಿಗಾಗುವಷ್ಟು ಕೂತಿತ್ತು. ಎಲ್ಲವನ್ನೂ ಬ್ರಷ್ ಹಾಕಿ ತೆಗೆದೆ.

"ಅಕ್ಕಾ, ಒಂದ್ ನವಿಲು ಓಪನ್ ಆಗ್ಬೇಕಂದ್ರೆ ಟೀ ಇಡೋ ಒತ್ಗೆ ತಲೆ ಬತ್ತದೆ, ಕುಡಿದ್ ಮುಗ್ಸಿದ್ ಮೇಲೆ ಬಾಲ ಬತ್ತದೆ" ಎಂದಳು ಸೊಸೆ. ಮೂರು ಮದುವೆಯ ಬ್ಲೌಸುಗಳು ಅರ್ಧಕ್ಕೆ ನಿಂತಿದ್ದವು. ಮಾವ ಇದೊಂದು ಸಲ ಖರ್ಚು ಕೊಡುತ್ತಾರಂತೆ. ಇದರಲ್ಲೂ ಸರಿಹೋಗದಿದ್ದರೆ ಎಂಬ್ರಾಯ್ಡರಿ ಮಷೀನು ಮಾರಾಟವಂತೆ. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಧೂಳು ಬರೀ ಧೂಳು, ರೋಗ ಇರುವುದು ಪ್ರೊಸೆಸರಿನಲ್ಲಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಆನ್ ಮಾಡಿಯೂ ನೋಡಲಿಲ್ಲ. ಕವರು ಹಾಕಬೇಡ, ಅದಕ್ಕೆ ಸೆಕೆ ಎಂದೆ. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ತೋಳಿಲ್ಲದ್ದು ಹೊಲಿಯಲೇ ಎಂದು ಕೇಳಿದಳು.

೩. ಯಾವುದು ತಗೊಳ್ಳೋದು?

ಬೋರ್ಡು ಸಮೇತ ಹೊಸದು ಹಾಕಿಸುವುದು ದುಬಾರಿ. ಹಳೇ ಬೋರ್ಡಿಗೇ ಕೂರುವ, ಒಂದೆರಡು ಮೆಟ್ಟಿಲು ಮೇಲಿನ ಸೆಕೆಂಡ್ ಹ್ಯಾಂಡ್ ಪ್ರೊಸೆಸರು ನನ್ನ ಡ್ರಾಯರಿನಲ್ಲೇ ಇತ್ತು. ಕಮ್ಮಿ ಖರ್ಚಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹಳೇದನ್ನು ಬಿಚ್ಚಿ ಅದರ ಪಕ್ಕದಲ್ಲಿಟ್ಟು, ಒಳಗೆ ಕೋರ್ ಎಷ್ಟು, ವೇಗ ಎಷ್ಟು ಎಂದು ನಾನು ವಿವರಿಸುತ್ತಿದ್ದರೆ ತಾತ ಎರಡನ್ನೂ ಬೋರಲು ಹಾಕಿ, ಕೆಳಗಿನ ಸೂಜಿಯಂಥ ಪಿನ್ನುಗಳನ್ನೇ ನೋಡುತ್ತಿದ್ದರು. ಚಿನ್ನವೇ ಎಂದು ಕೇಳಿದರು. ಲೇಪ ಮಾತ್ರ ಎಂದೆ. ಅಷ್ಟು ಸಾಕಾಯಿತು. ಎರಡನ್ನೂ ಹಿಡಿದುಕೊಂಡು, ಮೂರು ಅಂಗಡಿ ಆಚೆ ಇರುವ ಚಿನ್ನದಂಗಡಿಗೆ ನಡೆದೇಬಿಟ್ಟರು. ಪಿನ್ನು ಬಗ್ಗೀತು ತಾತ ಎಂದು ನಾನು ಹಿಂದಿನಿಂದ ಕೂಗಿದ್ದಷ್ಟೇ ಬಂತು.

ಚಿನ್ನದಂಗಡಿಯವರು ಎರಡನ್ನೂ ಫಳಫಳ ಒರೆಸಿ, ತೂಕ ಹಾಕಿ, ಬೇರೆ ಬೇರೆ ಗುಲಾಬಿ ಕಾಗದದಲ್ಲಿ ಮಡಿಸಿ ಕಳಿಸಿದ್ದರು. ಪುಣ್ಯಕ್ಕೆ ಪಿನ್ನು ಬಗ್ಗಿರಲಿಲ್ಲ. ಆದರೆ ತಾತನ ಮುಖ ಬಿಗಿದಿತ್ತು. ಎರಡೂ ಒಂದೇ ತೂಕ, ಎರಡರಲ್ಲೂ ಅಷ್ಟೇ ಚಿನ್ನ, ಹಾಗಿದ್ದ ಮೇಲೆ ಇದಕ್ಕೆ ದುಡ್ಡು ಯಾಕೆ ಎಂಬುದು ಅವರ ವಾದ. ನನ್ನ ಕೋರು, ವೇಗ ಯಾವುದೂ ನಡೆಯಲಿಲ್ಲ. ಕೊನೆಗೆ, ಮೇಕಿಂಗ್ ಚಾರ್ಜ್ ತಾತ, ಎಂದೆ.

"ಅಂಗಂತ ಮೊದ್ಲೇ ಯೋಳ್ಬಾರ್ದಾಮಾ" ಎಂದು ತಕ್ಷಣ ಜೇಬಿಗೆ ಕೈಹಾಕಿದರು.

೪. ಗೇಟು

ತಾತ ಒಂದು ಪೊಟ್ಟಣ ಕೊಟ್ಟು ಇದೇ ಹೊಸದು ಎಂದರು. ಕಣ್ಣುಮುಚ್ಚಿಕೊಂಡು ಪ್ರೊಸೆಸರ್ ಕೂರಿಸುವವಳಿಗೆ ಮೇಲಿನ ಅಕ್ಷರ ಓದುವ ದರ್ದೇನಿದೆ? ಕೂರಿಸಿ, ಮೇಲೆ ಹೊಸ ಪೇಸ್ಟ್ ಹಚ್ಚಿ, ಫ್ಯಾನು ಬಿಗಿದು ಆನ್ ಮಾಡಿದೆ. ಸೊಸೆ ತನ್ನ ನವಿಲನ್ನು ತೆರೆದಳು. ತಲೆ, ಬಾಲ, ಗರಿ ಎಲ್ಲ ಒಟ್ಟಿಗೇ ಬಂದು ನಿಂತಿತು. ಅವಳು ಬಾಯಿಮೇಲೆ ಕೈ ಇಟ್ಟುಕೊಂಡಳು. ನೋಡಿದಿರಾ, ಇದು ಪ್ರೊಸೆಸರಿನ ಮಹಿಮೆ ಎಂದು ನಾನು ಬೀಗಿದೆ.

ಹಳೇದನ್ನು ಅಂಗಡಿಗೆ ಬಿಟ್ಟುಹೋಗಲು ತಾತ ಒಪ್ಪಲಿಲ್ಲ. ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟವರು ಹೊಸ್ತಿಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದರು. ನನಗೆ ಅರ್ಥವಾಗಲಿಲ್ಲ. ಸೊಸೆ ನಾಚಿಕೊಂಡು, ಮಾವ ಇದು ಮೈನ್ಸ್ ಗೇಟಲ್ಲ ಎಂದಳು. ಗಣಿಯಲ್ಲಿ ಶಿಫ್ಟು ಮುಗಿಸಿ ಬರುವಾಗಲೆಲ್ಲ ಗೇಟಿನಲ್ಲಿ ಮೈ ತಡಕಿ ನೋಡಿ ಬಿಡುತ್ತಿದ್ದರಂತೆ.

"ಚಿನ್ನ ಅಂದ್ರೆ ಕೈ ತಾನಾಗೇ ಮೇಲಕ್ಕೋಯ್ತದೆ ಮಾ. ಅಷ್ಟು ವರ್ಷ ತೆಗ್ದೆ, ಒಂದ್ ಚೂರೂ ಮನೇಗ್ ತಂದಿಲ್ಲ" ಎಂದು ತಾತ ನಕ್ಕರು.

ನಾನೂ ತಮಾಷೆಗೆ ಗೇಟಿನವಳಾಗಿ ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿದೆ. ಮೇಲಿನ ಅಕ್ಷರ ಓದಿದೆ. ಮತ್ತೊಮ್ಮೆ ಓದಿದೆ. ಮುಖ ಬಿಸಿಯಾಯಿತು. ಅದು ನಾನು ಮಾರಿದ ಪ್ರೊಸೆಸರು. ಚಿನ್ನದಂಗಡಿಯಲ್ಲಿ ಪೊಟ್ಟಣ ಅದಲುಬದಲಾಗಿ, ನಾನು ಬಿಚ್ಚಿದ ಹಳೇದನ್ನೇ ಮತ್ತೆ ಕೂರಿಸಿದ್ದೆ. ಪಾಪದ್ದು ಜುಂಗಿನ ಸೆಕೆಗೆ ನಿಧಾನವಾಗಿತ್ತೇ ಹೊರತು ಅದಕ್ಕೆ ಬೇರೆ ರೋಗವೇ ಇರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಷೀನು ಉಳಿಯಿತು, ಖರ್ಚೂ ಇಲ್ಲ ಎಂದು ಸೊಸೆ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದಳು. ನಾನು ದುಡ್ಡನ್ನು ಅವಳ ಕೈಗೆ ವಾಪಸು ಕೊಟ್ಟು, ಪೊಟ್ಟಣವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ತಾತ ಮಾತ್ರ ಡ್ರಾಯರನ್ನೇ ನೋಡುತ್ತಾ, ಇನ್ನೂ ಮೇಲೆತ್ತಿಕೊಂಡೇ ಇದ್ದ ಕೈಗಳನ್ನು ಮೆಲ್ಲಗೆ ಇಳಿಸಿದರು.

"ಗೇಟಲ್ಲಿ ಯಾವಾಗ್ಲೂ ಇಂಗೇ ಮಾ. ಸಿಕ್ಕಿದ್ದೆಲ್ಲಾ ಕಿತ್ಕೊಂಡೇ ಬಿಡೋದು."