ಹೌದಿಗೆ ಗಂಟು, ಬ್ಯಾಡಕ್ಕೆ ಪಿನ್ನು

೨೦೨೧ರ ಜುಲೈ ಮೊದಲ ವಾರದಲ್ಲಿ, ಗರ್ಭಿಣಿಯರೂ ಕೊರೊನಾ ಲಸಿಕೆ ಹಾಕಿಸಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಬೆಳಗಾವಿಯ ನಮ್ಮ ಪತ್ರಿಕೆಗೆ ಆ ಸುದ್ದಿ ಬರೆದವಳು ನಾನು. ನನಗಾಗ ಏಳು ತಿಂಗಳು. ಆದರೆ ನನ್ನ ತೋಳಿನ ಬಗ್ಗೆ ತೀರ್ಮಾನಿಸಬೇಕಾದದ್ದು ಸರ್ಕಾರವಲ್ಲ, ತಾಯಿಯಿಲ್ಲದ ನನ್ನನ್ನು ಬೆಳೆಸಿದ ಖಾನಾಪುರದ ಸೋದರತ್ತೆ! ಅತ್ತೆಗೆ ಡಾಕ್ಟರರ ಮೇಲೆ ಅಪಾರ ನಂಬಿಕೆ. ಒಬ್ಬರ ಮೇಲಲ್ಲ, ಎಲ್ಲರ ಮೇಲೂ. ತೊಂದರೆ ಇದ್ದದ್ದೇ ಅಲ್ಲಿ.

ನೆಹರು ನಗರದ ನನ್ನ ಡಾಕ್ಟರಬಾಯಿ ಹಾಕಿಸಿಕೋ ಎಂದರು. ಖಾನಾಪುರದ ಹಳೆಯ ಡಾಕ್ಟರು ಹೆರಿಗೆಯಾಗಲಿ ಎಂದರು. ಮೇ ತಿಂಗಳಲ್ಲಿ ನಮ್ಮ ಓಣಿಯ ಬಸುರಿಯೊಬ್ಬಳು ಕೊರೊನಾದಿಂದ ತೀರಿಕೊಂಡಿದ್ದಳು. ಹಾಕಿಸಿಕೊಂಡರೆ ಮಗುವಿಗೆ ಏನೋ, ಬಿಟ್ಟರೆ ಇಬ್ಬರಿಗೂ ಏನೋ.

ಅತ್ತೆ ಊರೂರು ತಿರುಗಿ ಕೇಳತೊಡಗಿದಳು. ಹೌದು ಎಂದವರಿಗೆ ಸೆರಗಿನಲ್ಲೊಂದು ಗಂಟು, ಬ್ಯಾಡ ಎಂದವರಿಗೆ ಬಳೆಯಲ್ಲೊಂದು ಪಿನ್ನು. ಒಂದು ದವಾಖಾನೆಯಲ್ಲಿ ತನ್ನ ಹೆಸರಿಗೇ ಚೀಟಿ ಮಾಡಿಸಿದಳು. ವಯಸ್ಸು ಎಪ್ಪತ್ತೊಂದು, ತೊಂದರೆ: ಬಸುರಿ, ಏಳು ತಿಂಗಳು.

"ಅಜ್ಜಿ, ಬಸುರಿ ಯಾರ್ರಿ?" ಡಾಕ್ಟರು ಕನ್ನಡಕ ತೆಗೆದರಂತೆ.

"ಆಕಿ ಮನ್ಯಾಗ ಮಕ್ಕೊಂಡಾಳ್ರಿ. ಪಾಳಿ ಹಚ್ಚಾಕ ಆಕಿ ಯಾಕ ಬೇಕು? ನೀವು ಹೌದೋ ಅಲ್ಲೋ ಅಷ್ಟ ಹೇಳ್ರಿ."

ರವಿವಾರ ಪೇಟೆಯ ಔಷಧಿ ಅಂಗಡಿಯವನೂ ಹೌದು ಎಂದ. "ಅಂವ ಡಾಕ್ಟರ್ ಅಲ್ಲ. ಅವಂದು ಸಡ್ಲ ಗಂಟು," ಎಂದಳು ಅತ್ತೆ. ಖಾನಾಪುರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಅದು ಬಿಚ್ಚಿಹೋಗಿತ್ತು.

ಕೊನೆಗೆ ಗಂಟು ಮೂರು, ಪಿನ್ನು ಮೂರು. ಆಮೇಲೆ ನಾಲ್ಕು ದಿನ ಅತ್ತೆಯ ಸುಳಿವಿಲ್ಲ, ಫೋನೂ ಎತ್ತಲಿಲ್ಲ. ನಾನು ಕಿಟಕಿಯ ಬಳಿ ಅರೆನಿದ್ದೆಯಲ್ಲಿ ತೇಲುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಮಗುವಿನ ಮೆಲ್ಲನೆಯ ಹೊರಳಾಟ. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಗುತ್ತಿತ್ತೋ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಮೊಬೈಲಿನಲ್ಲಿ ಓದದ ಸಂದೇಶಗಳು ತುಂಬಿದ್ದವು.

ಶುಕ್ರವಾರ ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಏಳ ತಂಗಿ, ಹೋಗೂಣು. ಹಾಕಿಸ್ಕೊ."

"ಯಾವ ಡಾಕ್ಟರ್ ಹೇಳಿದ್ರು?"

"ಯಾರೂ ಹೇಳಿಲ್ಲ. ನಡಿ."

ಲಸಿಕೆ ಕೇಂದ್ರದಲ್ಲಿ ನೋಂದಣಿಗೆಂದು ಮೊಬೈಲಿಗೆ ಬಂದ ಒಟಿಪಿ ಸಂಖ್ಯೆ ಕೇಳಿದರು. ಅದನ್ನು ಹುಡುಕುವಾಗ ಸೋಮವಾರದ ಸಂದೇಶವೊಂದು ಕಣ್ಣಿಗೆ ಬಿತ್ತು. ಮೊದಲ ಡೋಸ್, ಖಾನಾಪುರ. ಹೆಸರು ಅತ್ತೆಯದು; ಎಲ್ಲ ಕಡೆ ಅವಳು ಕೊಡುವುದು ನನ್ನ ನಂಬರನ್ನೇ. ಮಾರ್ಚ್‌ನಿಂದ ಸೂಜಿಗೆ ಹೆದರಿ ಲಸಿಕೆಯವರನ್ನು ಕಂಡರೆ ಹಿತ್ತಲಿಗೆ ಓಡುತ್ತಿದ್ದವಳು!

"ಇದೇನ ಅತ್ತಿ?"

"ಏನಾರ ಆಗೂದಿದ್ರ ಮೊದ್ಲ ನನಗ ಆಗ್ಲಿ ಅಂದ್ನಿ. ಎರಡ್ ದಿನಾ ಜ್ವರಾ ಬಂತು, ಹೋತು. ಅಷ್ಟ."

ಎಪ್ಪತ್ತೊಂದರ ಜ್ವರಕ್ಕೂ ಏಳು ತಿಂಗಳ ಗರ್ಭಕ್ಕೂ ಏನು ಸಂಬಂಧ? ಪತ್ರಿಕೆಯಲ್ಲಾಗಿದ್ದರೆ ಈ ಸಾಕ್ಷ್ಯವನ್ನು ನಾನೇ ಹೊಡೆದುಹಾಕುತ್ತಿದ್ದೆ. ಆದರೂ ತೋಳು ಚಾಚಿದೆ. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡವಳು ಅತ್ತೆ.

ಮಗಳು ಸೆಪ್ಟೆಂಬರಿನಲ್ಲಿ ಹುಟ್ಟಿದಳು. ಈಗ ಶಾಲೆಗೆ ಹೋಗುವಷ್ಟಾಗಿದ್ದಾಳೆ; ಈ ಬೇಸಿಗೆ ರಜೆಗೆ ಅತ್ತೆಯ ಮನೆಗೆ ಹೋಗಿದ್ದಾಳೆ. ಶಾಲೆ ಶುರುವಾಗಿ ಮೂರು ದಿನವಾಯಿತು, ಅತ್ತೆಯನ್ನು ಬಿಟ್ಟು ಇನ್ನೂ ಬಂದಿಲ್ಲ.