ದನ ತಿಂದ ಅಳತೆ

ಅಂದು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾವ ನನ್ನ ಅಳತೆಯ ಟೇಪನ್ನು ಸುಳ್ಳುಗಾರ ಎಂದು ಕರೆದರು. ಎಲ್ಲ ಕೆಟ್ಟದ್ದು ಅಲ್ಲಿಂದಲೇ. ಗಂಡನ ತಂದೆ, ಹಿರಿಯರು, ಅವರ ಬಗ್ಗೆ ಹಗುರಾಗಿ ಬರೆಯಬಾರದು ಎಂದು ನನಗೂ ಗೊತ್ತು. ಆದರೆ ಇಡೀ ಸುರಪುರದಲ್ಲಿ ಕಿಟಕಿಯ ಅಳತೆಯನ್ನು ದನಕ್ಕೆ ತಿನ್ನಿಸಿ ಬಂದ ಇನ್ನೊಬ್ಬ ಮನುಷ್ಯನನ್ನು ತೋರಿಸಿ, ಈಗಲೇ ಪೆನ್ನು ಕೆಳಗಿಡುತ್ತೇನೆ!

ನಮ್ಮದು ಕಲ್ಲು ಮಣ್ಣಿನ ಹಳೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತು ಚಹಾ ಕುಡಿಯಬಹುದು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಆ ಕಿಟಕಿಯ ಕೆಳಗೇ ಮಂಚ ಹಿಡಿದಿದ್ದರು. ಅವರನ್ನು ಅಲುಗಾಡಿಸಬಾರದು ಎಂದು ಡಾಕ್ಟರು ಹೇಳಿದ್ದರು. ಕಿಟಕಿಗೋ ಗೆದ್ದಲು ಹತ್ತಿ ಕದವೇ ತೆರೆಯುತ್ತಿರಲಿಲ್ಲ. ಬೇಸಿಗೆ ಬೇರೆ ಬಂದುಬಿಟ್ಟಿತ್ತು. ಗಾಳಿಯಿಲ್ಲದೆ ಅತ್ತೆಗೆ ನಿದ್ದೆಯಿಲ್ಲ, ಅತ್ತೆಗಿಲ್ಲದ ನಿದ್ದೆ ಮಾವನಿಗೂ ಇಲ್ಲ. ಮಾವ ಎದ್ದು ಓಡಾಡುವ ಮನೆಯಲ್ಲಿ ಉಳಿದವರು ಮಲಗುವುದು ಹೇಗೆ? ಆದಷ್ಟು ಬೇಗ ಒಂದು ಹೊಸ ಕಿಟಕಿ ಕೂರಿಸಬೇಕಿತ್ತು. ಅಷ್ಟೇ ಕೆಲಸ.

ನಾನು ಬಿ.ಎಸ್ಸಿ. ಓದಿದವಳು. ಟೇಪು ತಂದೆ. ಮಾವ ಅದರ ತುದಿಯನ್ನು ಎರಡು ಸಲ ಎಳೆದು ಬಿಟ್ಟು ನೋಡಿದರು.

‘ಎಳದ್ರ ಹೊರಗ ಬರ್ತದ, ಬಿಟ್ರ ಒಳಗ ಹೋಗಿ ಕುಂದರ್ತದ. ಇಂಥಾದ್ದರ ಮಾತು ನಂಬೂದೇನು? ಸುಳ್ಳುಗಾರ ಅದು.’

ಹಿತ್ತಲಿನ ಮೇವಿನ ಬಣವೆಯಿಂದ ಎರಡು ಜೋಳದ ದಂಟು ಹಿರಿದು ತಂದರು. ಈ ಮನೆಯನ್ನು ಅವರಪ್ಪ ದಂಟು ಹಿಡಿದೇ ಅಳೆದು ಕಟ್ಟಿಸಿದ್ದರಂತೆ, ದಂಟಿನ ಮನೆಗೆ ದಂಟಿನ ಅಳತೆಯೇ ಹೊಂದುತ್ತದಂತೆ. ಅಗಲಕ್ಕೊಂದು, ಎತ್ತರಕ್ಕೊಂದು ಮುರಿದುಕೊಂಡು, ಬಡಗಿಗೆ ಅಳತೆ ಕೊಡಲು ಮರುದಿನ ಶಹಾಪುರದ ಬಸ್ಸು ಹತ್ತಿದರು. ಮೇವಿಗೂ ಟಿಕೆಟ್ ತೆಗೆಸಬೇಕೇ ಎಂದು ಕಂಡಕ್ಟರ್ ತಲೆ ಕೆರೆದುಕೊಂಡನಂತೆ.

ಸಂಜೆ ತಿರುಗಿ ಬಂದವರು ಕೈಕಾಲು ತೊಳೆದು, ಚಹಾ ಕುಡಿದು, ನಿಧಾನವಾಗಿ ಸುದ್ದಿ ಬಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ದಂಟುಗಳನ್ನು ಗೋಡೆಗೆ ಆನಿಸಿ ಮಿರ್ಚಿ ಭಜಿ ತಿನ್ನುತ್ತಿದ್ದಾಗ ಒಂದು ದನ ಬಂದು ಎತ್ತರದ ದಂಟಿಗೆ ಬಾಯಿ ಹಾಕಿತ್ತು.

‘ಮತ್ತ ಏನ್ ಮಾಡಿದ್ರಿ ಮಾವಾರ?’ ಎಂದೆ.

‘ಏನ್ ಮಾಡೂದು? ಉಳದದ್ದು ತೋರ್ಸಿದೆ. ದನ ತಿಂದದ್ದು ಬಾಯಿಲೆ ಹೇಳ್ದೆ. ನನಗ ನೆಪ್ಪಿಲ್ಲೇನು?’

ಕಡೇಚೂರಿನ ಕಾರ್ಖಾನೆಯಿಂದ ಬಂದ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೇನು, ಬೆಳಗಾದರೆ ಮನೆ ಬಿಟ್ಟು ಹೋಗುವವರು!

ಕಿಟಕಿ ಟೆಂಪೋದಲ್ಲಿ ಬಂತು. ಅಗಲ ಹೇಳಿ ಮಾಡಿಸಿದಂತಿತ್ತು, ಅದೇ ನನಗೆ ಸಿಟ್ಟು ತರಿಸಿತು. ಎತ್ತರ ಮಾತ್ರ ಗೋಡೆಯ ಕಿಂಡಿಗಿಂತ ಮೊಳದಷ್ಟು ಹೆಚ್ಚು. ನಾನು ಟೇಪು ಬಿಚ್ಚಿ ಮಾವನ ಮುಖ ನೋಡಿದೆ. ಮಾವ ಗೋಡೆಯನ್ನು ನೋಡಿದರು.

‘ಕಿಡಕಿ ಬರೋಬ್ಬರಿ ಅದ. ಗ್ವಾಡಿ ಸಣ್ಣದಾಗ್ಯದ.’

ಗೋಡೆ ಕೆಲಸಕ್ಕೆ ಕಕ್ಕೇರಾದ ಗೌಂಡಿ ಮರುದಿನ ಬರುವವನಿದ್ದ. ಮರುದಿನದವರೆಗೆ ಸುಮ್ಮನಿರುವ ಜೀವವೇ ಅದು? ಹಳೆಯ ಚೌಕಟ್ಟನ್ನಷ್ಟೇ ಕಿತ್ತು ನೋಡುತ್ತೇನೆಂದು ಮಾವ ಹಾರೆ ಹಿಡಿದು ಕಿಟಕಿಯೊಳಗೆ ಹತ್ತಿದರು. ಮೊದಲು ಅತ್ತೆಯ ಮಂಚ ಸರಿಸೋಣ ಎಂದೆ. ಅತ್ತೆಯೇ ಒಪ್ಪಲಿಲ್ಲ. ‘ಅಲುಗಾಡಬ್ಯಾಡ ಅಂದಾರಲ್ಲ ಡಾಕ್ಟರು. ಅವರ ಆಟ ಮುಗೀಲಿ ಬಿಡು ಯವ್ವಾ’ ಎಂದರು.

ಚೌಕಟ್ಟು ಕಿತ್ತು ಬಂತು. ಆಮೇಲಿನದನ್ನು ಈಗಲೂ ಹಿಟ್ಟು ಸಾಣಿಸುವಾಗ ಕಾಣುತ್ತೇನೆ, ಕೈ ನಿಂತುಬಿಡುತ್ತದೆ. ಮೇಲಿನಿಂದ ನುಣ್ಣನೆಯ ಮಣ್ಣು ಸದ್ದಿಲ್ಲದೆ ಅತ್ತೆಯ ತಲೆದಿಂಬಿನ ಮೇಲೆ ಉದುರತೊಡಗಿತು. ಕಿಟಕಿಯ ತಲೆಯ ಮೇಲೆ ಗೋಡೆ ಹೊತ್ತಿದ್ದ ಮರದ ಹಲಗೆಯನ್ನೂ ಗೆದ್ದಲು ಟೊಳ್ಳು ಮಾಡಿತ್ತು. ಇಷ್ಟು ವರ್ಷ ಅದನ್ನು ಎತ್ತಿ ಹಿಡಿದದ್ದು ಆ ಮುರುಕು ಚೌಕಟ್ಟು. ಹಲಗೆ ಬಾಗಿತು.

ಮಾವ ಹಾರೆ ಹೊರಗೆಸೆದು ಎರಡೂ ಅಂಗೈಗಳನ್ನು ಹಲಗೆಗೆ ಕೊಟ್ಟು ನಿಂತರು.

‘ಯವ್ವಾ, ಮಂಚ ಎಳಿ.’

ತುಂಬಿದ ಸಿಲಿಂಡರ್ ಉರುಳಿಸಲಾಗದ ನಾನು ಅತ್ತೆಯ ಸಮೇತ ಕಬ್ಬಿಣದ ಮಂಚವನ್ನು ಎಳೆದೆ. ಅತ್ತೆ ನೋವಿಗೆ ಹಲ್ಲು ಕಚ್ಚಿದರು.

‘ಎಷ್ಟ್ ಬಂತು?’

ಆ ಗಳಿಗೆಯಲ್ಲೂ ಅಳತೆ! ‘ಮಾರುದ್ದ ಬಂತ್ರಿ, ನೀವು ಇಳೀರಿ’ ಎಂದು ಕಿರುಚಿದೆ.

‘ಇನ್ನೊಂದ್ ಮೊಳ.’

ಅವರ ತೋಳುಗಳು ನಡುಗುತ್ತಿದ್ದವು. ಮತ್ತೊಂದು ಮೊಳ ಎಳೆದೆ. ಮಾವ ಓಣಿಯ ಕಡೆ ಹಾರಿದರು. ಹಲಗೆ, ಕಲ್ಲು, ಮಣ್ಣು ಒಟ್ಟಿಗೆ ಒಳಗೆ ಬಿದ್ದವು, ಸ್ವಲ್ಪ ಮುಂಚೆ ಅತ್ತೆಯ ತಲೆಯಿದ್ದ ಜಾಗಕ್ಕೇ. ಧೂಳಿನಲ್ಲಿ ಏನೂ ಕಾಣಲಿಲ್ಲ. ಮಾವ ಬದುಕಿದ್ದಾರೋ ಇಲ್ಲವೋ ಎಂದು ನಾನು ಕಣ್ಣುಜ್ಜಿಕೊಳ್ಳುತ್ತಿದ್ದರೆ, ಹೊರಗಿನಿಂದ ದನಿ ಬಂತು:

‘ಆಕಿ ಕಣ್ಣಾಗ ಮಣ್ಣ ಬಿತ್ತೇನು?’

ಆಮೇಲೆ ಮನೆಯಲ್ಲಿ ಯಾರ ಕಣ್ಣಿಗೂ ನಿದ್ದೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಮೂವರೂ ಎದ್ದು ಕೂರುತ್ತಿದ್ದೆವು. ಅತ್ತೆಗೆ ಕೂರಲಾಗದು, ಕಣ್ಣು ಬಿಡುತ್ತಿದ್ದರು.

ಗೌಂಡಿ ಕಿಟಕಿಯ ಮೇಲೆ ಕಲ್ಲಿನ ತೊಲೆ ಕೂರಿಸಿದ. ಕಿಟಕಿಯ ಹೆಚ್ಚುವರಿ ಎತ್ತರವನ್ನು ಕತ್ತರಿಸಿಬಿಡಿ ಎಂದು ನಾನು ಸಿಟ್ಟಿನಿಂದಲೇ ಹೇಳಿದೆ. ಮಾವ ನನ್ನನ್ನು ಬಾಗಿಲ ಹೊರಗೆ ಕರೆದರು. ದನ ತಿಂದದ್ದು ಬರೀ ನಾಲ್ಕು ಬೆರಳಿನಷ್ಟು, ಉಳಿದದ್ದನ್ನು ತಾವೇ ಸೇರಿಸಿ ಹೇಳಿ ಬಂದದ್ದು ಎಂದರು.

‘ಯಾಕ್ರಿ?’

‘ಹಾಸಿಗ್ಯಾಗ ಮಲಗಿದಾಕಿಗೆ ಹಳೇ ಕಿಡಕ್ಯಾಗ ಏನ್ ಕಾಣ್ತಿತ್ತು? ಕೆಳಗ ಇಳಿಸಿದ್ರ ಓಣ್ಯಾರು ಕಾಣ್ತಾರ. ಮೊದಲಽ ಹೇಳಿದ್ರ, ನನ್ನ ಸಲುವಾಗಿ ಗ್ವಾಡಿ ಒಡೀಬ್ಯಾಡ್ರಿ ಅಂತಿದ್ಲು.’

ಟೇಪನ್ನು ಒಳಗಿಟ್ಟೆ. ಗೌಂಡಿ ಗೋಡೆಯನ್ನು ಕೆಳಗಿನ ಕಡೆ ಮೊಳದಷ್ಟು ಒಡೆದ.

ಕಿಟಕಿ ಕೂತ ಮೇಲೆ, ಅತ್ತೆಯ ಮಂಚವನ್ನು ಮತ್ತೆ ಅಲ್ಲಿಗೆ ತರುವ ಮುಂಚೆ, ಯಾರೂ ನೋಡದಾಗ ಅದೇ ಜಾಗದಲ್ಲಿ ಅಷ್ಟೇ ಎತ್ತರದ ಇನ್ನೊಂದು ಮಂಚ ಹಾಕಿ ನಾನೇ ಮಲಗಿ ನೋಡಿದೆ. ಎದುರುಮನೆಯ ಕಟ್ಟೆ ಕಂಡಿತು. ಅಲ್ಲಿ ಮೆಂತ್ಯೆ ಸೋಸುತ್ತಿದ್ದ ಹೆಂಗಸರು ಕಂಡರು. ಬಿಂದಿಗೆ ಹೊತ್ತವರ ಮುಖ ಕಂಡಿತು. ದಿಂಬಿನಿಂದ ತಲೆ ಎತ್ತಬೇಕಾಗಲಿಲ್ಲ.

ಮುಂದಿನ ದಿನ ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಮನೆಯಲ್ಲಿ ಯಾವ ಸದ್ದೂ ಇಲ್ಲ. ಅತ್ತೆಯ ಕೋಣೆಗೆ ಓಡಿದೆ. ಕಿಟಕಿ ಪೂರ್ತಿ ತೆರೆದಿತ್ತು. ಅತ್ತೆ ಓಣಿಯ ಕಡೆ ಮುಖ ಮಾಡಿ ನಿದ್ದೆಹೋಗಿದ್ದರು. ಮಂಚದ ಪಕ್ಕ ನೆಲದ ಮೇಲೆ ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಅವರ ಒಂದು ಅಂಗೈ ಮಾತ್ರ ಗೋಡೆಗೆ ಆನಿಕೊಂಡೇ ಇತ್ತು.

ಚಹಾಕ್ಕೆ ಇಬ್ಬರನ್ನೂ ಎಬ್ಬಿಸಲಿಲ್ಲ.