ಒಂದೇ ಕಿವಿಯ ರೊಟ್ಟಿ ಕಾರ್ಖಾನೆ

ನಾಗಪುರಕ್ಕೆ ವಿದ್ಯುತ್ತು ಬೇಕೆಂದು ಖಾಪರಖೇಡಾದಲ್ಲಿ ಅಷ್ಟೊಂದು ಕಲ್ಲಿದ್ದಲು ಸುಡುತ್ತಾರಲ್ಲ, ಅದೆಲ್ಲ ದಂಡ. ನನ್ನ ಸೋದರತ್ತೆಯ ಚಿಂತೆಗೆ ಎರಡು ತಂತಿ ಜೋಡಿಸಿದ್ದರೆ ಸಾಕಿತ್ತು, ಇಡೀ ವಿದರ್ಭ ಝಗಝಗಿಸುತ್ತಿತ್ತು! ಕಾರಣವಿಲ್ಲದೆ ಚಿಂತೆ ಮಾಡುವವರನ್ನು ನೀವು ನೋಡಿರಬಹುದು. ನಮ್ಮತ್ತೆ ಹಾಗಲ್ಲ. ಆಕೆಯ ಪ್ರತಿಯೊಂದು ಚಿಂತೆಗೂ ಒಂದು ಕಾರಣವಿರುತ್ತಿತ್ತು, ಆ ಕಾರಣಕ್ಕೆ ಇನ್ನೊಂದು ಕಾರಣವಿರುತ್ತಿತ್ತು. ಮೇ ತಿಂಗಳ ಉರಿಬಿಸಿಲಿನಲ್ಲಿ ಕೊಡೆ ಹಿಡಿದು ಹೊರಡುತ್ತಿದ್ದಳು, ಆದರೆ ಬಿಚ್ಚುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಬಿಸಿಲಿಗೆ ಬಿಚ್ಚಿದರ ಕೊಡಿ ಬಟ್ಟಿ ಸುಟ್ಟು ಹೋಗತೈತಿ. ಆಮ್ಯಾಲೆ ಮಳಿಗಾಲದಾಗ ಏನು ಮಾಡ್ಲಿ?" ಎನ್ನುತ್ತಿದ್ದಳು.

ಎಂಬತ್ತರ ದಶಕದ ಆರಂಭದಲ್ಲಿ ಬ್ಯಾಂಕಿನ ನೌಕರಿ ಸಿಕ್ಕು ನಾನು ನಾಗಪುರಕ್ಕೆ ಬಂದು ಅತ್ತೆಯ ಮನೆಯಲ್ಲಿ ಉಳಿದೆ. ಬಿಜಾಪುರದ ಕಡೆಯಿಂದ ಮದುವೆಯಾಗಿ ಬಂದ ಆಕೆಗೆ ಅಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಮಾವ ಕೇಂದ್ರ ಸರ್ಕಾರದ ಕಚೇರಿಯವರು, ಮಾತು ಕಡಿಮೆ. ಅತ್ತೆ ಮನೆಯಲ್ಲಿದ್ದಾಗ ಬೇರೆಯವರ ಮಾತಿಗೆ ಜಾಗವಾದರೂ ಎಲ್ಲಿತ್ತು?

ನಾನು ಬಂದ ಮರುವರ್ಷ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಒಬ್ಬ ಹೆಂಗಸನ್ನು ಗಂಡ ಮನೆಯಿಂದ ಹೊರಗೆ ಹಾಕಿದ. ಇನ್ನು ಅವಳ ಹೊಟ್ಟೆಗೇನು ಎಂಬ ಚಿಂತೆ ಅತ್ತೆಗೆ ಹತ್ತಿತು. ಮೂರು ದಿನ ಚಿಂತಿಸಿ ನಾಲ್ಕನೆಯ ದಿನ ಅವಳನ್ನು ಕೂರಿಸಿಕೊಂಡು ನಮ್ಮೂರಿನ ಜೋಳದ ಖಡಕ್ ರೊಟ್ಟಿ ಮಾಡುವುದನ್ನು ಕಲಿಸಿದಳು. ಹಪ್ಪಳದ ಹಾಗೆ ತೆಳ್ಳಗೆ, ಗರಿಗರಿಯಾಗಿ ಒಣಗಿಸಿದ ರೊಟ್ಟಿ, ತಿಂಗಳು ಇಟ್ಟರೂ ಕೆಡದು. ನಾಗಪುರದ ಕನ್ನಡ ಮನೆಗಳು, ಕಾಮಠಿಯ ಮಿಲಿಟರಿ ಮನೆಗಳು ಮುಗಿಬಿದ್ದು ಕೊಂಡವು. ಒಬ್ಬಳಿದ್ದಲ್ಲಿ ನಾಲ್ವರಾದರು, ನಾಲ್ವರು ಹನ್ನೊಂದಾದರು. ಎಲ್ಲರೂ ಪಾತ್ರೆ ತಿಕ್ಕುವ ಮನೆಗಳನ್ನು ಬಿಟ್ಟು ಬಂದವರು. ಅವರ ಮರಾಠಿ ಬಾಯಲ್ಲಿ ನಮ್ಮತ್ತೆ ಆತ್ಯಾಬಾಯಿಯಾದಳು.

ಆದರೆ ಈ ಉದ್ಯೋಗಕ್ಕೆ ಒಂದು ಹೆಬ್ಬಾಗಿಲಿತ್ತು. ಅದು ಅತ್ತೆಯ ಎಡಗಿವಿ.

ಪ್ರತಿಯೊಂದು ರೊಟ್ಟಿಯನ್ನೂ ಎಡಗಿವಿಯ ಹತ್ತಿರ ಹಿಡಿದು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದಳು. ಠಣ್ ಎಂದರೆ ಪಾಸು. ದಬ್ ಎಂದರೆ ಒಳಗೆ ಹಸಿ ಉಳಿದಿದೆ ಎಂದು ಅರ್ಥ, ನಾಪಾಸು. ನಾಪಾಸಾದದ್ದು ಮಾವನ ತಟ್ಟೆಗೆ. ಆರು ವರ್ಷದಿಂದ ಆ ಮನುಷ್ಯ ಪಾಸಾದ ರೊಟ್ಟಿಯ ರುಚಿಯನ್ನೇ ನೋಡಿರಲಿಲ್ಲ. ಒಮ್ಮೆ ಯಾರೋ ನೆಂಟರು ಬಂದಾಗ ಒಳ್ಳೆಯ ರೊಟ್ಟಿ ಬಡಿಸಿದ್ದಕ್ಕೆ, "ಇದು ಎಲ್ಲಿಂದ ತರಿಸಿದಿ?" ಎಂದು ಗುಟ್ಟಾಗಿ ಕೇಳಿದ್ದರು.

ಒಂದು ಚಳಿಗಾಲ ಅತ್ತೆಗೆ ನೆಗಡಿಯಾಗಿ ಎಡಗಿವಿ ಕಟ್ಟಿಕೊಂಡಿತು. ಬಲಗಿವಿ ಇತ್ತಲ್ಲ ಎನ್ನುತ್ತೀರಾ? ನಾನೂ ಅದನ್ನೇ ಕೇಳಿದೆ. "ಆ ಕಿವಿಗೆ ರೂಢಿ ಇಲ್ಲವ್ವಾ" ಎಂದಳು. ಮೂರು ದಿನ ಕೆಲಸ ಬಂದ್! ಹನ್ನೊಂದು ಹೆಂಗಸರು ಅತ್ತೆಯ ಸುತ್ತ ಕುಳಿತು ಒಬ್ಬರಾದ ಮೇಲೊಬ್ಬರು ಓಮದ ಹೊಗೆ ಹಾಕಿದರು. ಜಗತ್ತಿನಲ್ಲಿ ಒಬ್ಬರ ಮೂಗು ಬಿಡಲೆಂದು ಹನ್ನೊಂದು ಸಂಸಾರಗಳು ಕಾದದ್ದು ಅದೇ ಮೊದಲಿರಬೇಕು.

ಅದೇ ಹೊತ್ತಿಗೆ ನಮ್ಮ ಬ್ಯಾಂಕು ನನ್ನನ್ನು ಒಂದು ತರಬೇತಿಗೆ ಕಳಿಸಿತ್ತು. ಸಣ್ಣ ಉದ್ಯೋಗವನ್ನು ಬೆಳೆಸುವುದು ಹೇಗೆ ಎಂದು ಐದು ದಿನ ಕೇಳಿ ಬಂದವಳಿಗೆ ಮೈಯೆಲ್ಲ ವಿದ್ಯೆ. ಮನೆಗೆ ಬಂದವಳೇ ಉಪನ್ಯಾಸ ಶುರುಮಾಡಿದೆ. "ಅತ್ತಿ, ಎಲ್ಲಾ ನಿನ್ನ ಮ್ಯಾಲೆ ನಿಂತೈತಿ. ಹಿಂಗಾದ್ರ ಇದು ಬೆಳೆಯೂದಿಲ್ಲ. ರೊಟ್ಟಿ ಹೆಂಗ ಮಾಡೂದು ಅಂತ ಬರದಿಡಬೇಕು. ಯಾರು ಓದಿ ಮಾಡಿದ್ರೂ ಒಂದ ಥರಾ ಆಗಬೇಕು."

"ಬರಕೋ ಹಂಗಾದ್ರ."

ಪೆನ್ನು ಹಿಡಿದು ಕುಳಿತೆ. "ನೀರು ಎಷ್ಟು?"

"ಬೇಕಾದಷ್ಟು."

"ಎಷ್ಟು ಬಿಸಿ?"

"ಕೈ ಸುಡಬೇಕು, ಬೊಬ್ಬಿ ಏಳಬಾರದು."

"ಎಷ್ಟೊತ್ತು ಬಡೀಬೇಕು?"

"ಸಾಕು ಅನ್ನೂತನಕ."

"ಯಾರು ಅನ್ನೂತನಕ?"

"ನಾನು."

ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದೆ.

ಆಮೇಲೆ ಬುಟಿಬೋರಿ ಬಂತು. ನಾಗಪುರದಿಂದ ಗಂಟೆಯ ಬಸ್ಸಿನ ದಾರಿಯಲ್ಲಿದ್ದ ಆ ಊರಿನಲ್ಲಿ ಆಗಷ್ಟೇ ಕಾರ್ಖಾನೆಗಳು ತಲೆಯೆತ್ತುತ್ತಿದ್ದವು. ಒಂದರಲ್ಲಿ ಸೊಲ್ಲಾಪುರ, ಬಿಜಾಪುರದ ಕಡೆಯ ಕೆಲಸಗಾರರು ಬಹಳವಿದ್ದರು. ಊರಿನ ರೊಟ್ಟಿಗಾಗಿ ಅವರು ಹಟ ಹಿಡಿದದ್ದರಿಂದ ಕ್ಯಾಂಟೀನಿನ ಮ್ಯಾನೇಜರು ನಮ್ಮ ಮನೆಯ ತನಕ ಬಂದರು. ಒಂದು ವಾರ ಕೊಟ್ಟು ನೋಡಿ, ಸರಿಯೆನಿಸಿದರೆ ಕಾಯಂ ಎಂದರು. ಹನ್ನೊಂದು ಜನರಿಂದ ಆಗುವ ಕೆಲಸವಲ್ಲ ಅದು. ಅಲ್ಲೇ ಕೆಲಸಗಾರರ ವಸತಿಯಲ್ಲಿ ಇನ್ನೊಂದು ಕೇಂದ್ರ ತೆಗೆಯಬೇಕಾಯಿತು. ಆ ಸುತ್ತಿನ ಹದಿನೈದು ಮರಾಠಿ ಹೆಂಗಸರು ಸಿಕ್ಕರು. ಅವರಲ್ಲಿ ಸುಮನ್ ಎಂಬವಳು ಚುರುಕು, ಅವಳೇ ಮುಖ್ಯಸ್ಥೆಯಾದಳು. ಅತ್ತೆ ಒಂದು ತಿಂಗಳು ದಿನಾ ಕೆಂಪು ಬಸ್ಸು ಹತ್ತಿ ಹೋಗಿ ಎಲ್ಲರಿಗೂ ಕೈ ಹಿಡಿದು ಕಲಿಸಿದಳು.

ಆ ತಿಂಗಳು ನಾವು ಮಲಗಿದ್ದು ಕಡಿಮೆ. ಬುಟಿಬೋರಿಯ ನೀರು ಸವಳಾದರೆ? ಇತವಾರಿ ಪೇಟೆಯಿಂದ ಜೋಳ ತರುವ ಟೆಂಪೋ ಕೆಟ್ಟು ನಿಂತರೆ? ಮಳೆಗಾಲ, ರೊಟ್ಟಿ ಒಣಗದಿದ್ದರೆ? ಸುಮನಳ ಗಂಡನಿಗೆ ವರ್ಗವಾದರೆ? ಎಲ್ಲದರ ಮೇಲೆ ದೊಡ್ಡ ಚಿಂತೆಯೊಂದಿತ್ತು: ಅಲ್ಲಿ ತಟ್ಟಿ ಕೇಳುವವರು ಯಾರು? ಎರಡು ಕಡೆ ಇರಲು ಕಿವಿಯೊಂದೇ. ಕೊನೆಗೆ ಅತ್ತೆಯೇ ದಾರಿ ಹುಡುಕಿದಳು. "ಬುಟಿಬೋರ್ಯಾಗ ಮಾಡಿದ ರೊಟ್ಟಿ ಬಸ್ಸಿನ್ಯಾಗ ಇಲ್ಲಿಗೆ ಬರ್ಲಿ. ನಾ ತಟ್ಟಿ ನೋಡಿ ತಿರುಗಿ ಬಸ್ಸಿಗೆ ಹಾಕ್ತೀನಿ."

"ಅತ್ತಿ, ಕಾರ್ಖಾನಿ ಇರೂದ ಬುಟಿಬೋರ್ಯಾಗ."

"ಅದಕ್ಕ ತಿರುಗಿ ಕಳಸ್ತೀನಿ ಅಂದೆಲ್ಲ?"

ಮಾವ ಅಪರೂಪಕ್ಕೆ ಬಾಯಿಬಿಟ್ಟರು. "ಬಸ್ಸಿನ್ಯಾಗ ಹೋಗಿಬರೂದ್ರಾಗ ಚೂರಾದವು ಮತ್ತ ನನಗ ಬರತಾವು" ಎಂದರು. ಆ ಯೋಜನೆ ಅಲ್ಲಿಗೆ ನಿಂತಿತು. ಸುಮನಳಿಗೆ ಎಲ್ಲವನ್ನೂ ಒಪ್ಪಿಸಿ, ಒಂದು ವಾರ ಅತ್ತ ತಲೆ ಹಾಕುವುದಿಲ್ಲವೆಂದು ಅತ್ತೆ ನನಗೆ ಮಾತು ಕೊಟ್ಟಳು. ನನ್ನ ತರಬೇತಿ ಫಲ ಕೊಟ್ಟಿತೆಂದು ನಾನು ಒಳಗೊಳಗೇ ಬೀಗಿದೆ.

ನಾಲ್ಕನೆಯ ದಿನ ಬ್ಯಾಂಕಿಗೆ ಮ್ಯಾನೇಜರ ಫೋನು ಬಂತು. ರೊಟ್ಟಿಗೆಲ್ಲ ಬೂಷ್ಟು ಹಿಡಿದಿದೆ, ಗೋಣಿಗೋಣಿ ಹೊರಗೆ ಚೆಲ್ಲಿದೆವು, ನಾಳೆಯಿಂದ ಬೇಡ.

ರಜೆ ಹಾಕಿ ಮನೆಗೆ ಓಡಿದೆ. ಅತ್ತೆ ನನ್ನ ಮುಖ ನೋಡಿ ಏನೂ ಕೇಳದೆ ಚಪ್ಪಲಿ ಮೆಟ್ಟಿದಳು. ಸಣ್ಣದಕ್ಕೆಲ್ಲ ಊರು ಒಂದು ಮಾಡುವ ಆಕೆ ಬಸ್ಸಿನಲ್ಲಿ ಒಂದು ಮಾತಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಅರ್ಧ ದಾರಿಯಾದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಹದಿನೈದು ಮಂದಿ ಬಾಂಡಿ ತಿಕ್ಕೂ ಮನಿ ಬಿಟ್ಟು ಬಂದಾರ. ಬಿಡ್ರಿ ಅಂತ ನಾನ ಹೇಳೀನಿ. ಇದು ಮುಚ್ಚಿದರ ಆ ಮನಿಗಳು ಇವರಿಗೆ ಕಾಯ್ಕೋತ ಕುಂತಿರ್ತಾವನು?"

ತರಬೇತಿಯಲ್ಲಿ ಅದನ್ನು ಹೇಳಿರಲಿಲ್ಲ.

ಕೇಂದ್ರಕ್ಕೆ ಹೋದರೆ ಹೆಂಗಸರೆಲ್ಲ ಗೋಡೆಗೆ ಒರಗಿ ಕುಳಿತಿದ್ದರು. ಮೂಲೆಯಲ್ಲಿ ಒದ್ದೆ ಹಳೆಯ ಸೀರೆಗಳ ರಾಶಿ. ಆಗ ತಿಳಿಯಿತು ನಡೆದ ಸಂಗತಿ. ಇವರು ಅತ್ತೆ ಹೇಳಿದ ಹಾಗೆಯೇ ರೊಟ್ಟಿಯನ್ನು ಗರಿಗರಿಯಾಗಿ ಮಾಡಿದ್ದಾರೆ. ಆಮೇಲೆ, ಮನಸ್ಸು ತಡೆಯದೆ, ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿ ಕಳಿಸಿದ್ದಾರೆ! ಮಳೆಗಾಲದ ಸೆಕೆಗೆ ಬೂಷ್ಟು ಬಾರದೆ ಇನ್ನೇನಾದೀತು?

ಸುಮನ್ ಎದ್ದು ಬಂದಳು. ಕಣ್ಣಲ್ಲಿ ನೀರಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ. "ಆತ್ಯಾಬಾಯಿ, ಶಿಫ್ಟ್ ಕರೂನ್ ಆಲೇಲ್ಯಾ ಮಾಣಸಾಲಾ ಸುಕೀ ಭಾಕರ್ ಕಶೀ ದ್ಯಾಯ್ಚಿ?" ಎಂದಳು. ದುಡಿದು ಬಂದ ಮನುಷ್ಯನಿಗೆ ಒಣಗಿದ ರೊಟ್ಟಿ ಹೇಗೆ ಕೊಡುವುದು? ಅವರ ಕಡೆಯಲ್ಲಿ ಭಾಕರಿ ಎಂದರೆ ಬಿಸಿಬಿಸಿ, ಮೆತ್ತಗೆ. ಒಣಗಿದ್ದು ನಿನ್ನೆಯದು, ಯಾರಿಗೂ ಬೇಡವಾದದ್ದು. ಅಂಥದ್ದನ್ನು ಕೊಟ್ಟು ಕಳಿಸಲು ಹದಿನೈದು ಜನಕ್ಕೂ ನಾಚಿಕೆಯಾಗಿತ್ತು.

ಅತ್ತೆ ಸಿಡಿಯುತ್ತಾಳೆಂದುಕೊಂಡೆ. ಆಕೆ ಅವರ ನಡುವೆ ನೆಲದ ಮೇಲೆ ಕುಳಿತಳು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಕಲಸಿ ನಿಧಾನವಾಗಿ ಹೇಳಿದಳು: ಇದು ಒಣಗಿ ಹೋದದ್ದಲ್ಲ, ಒಣಗಿಸಿದ್ದು. ನಮ್ಮ ಕಡೆ ಮನೆಯಿಂದ ದೂರ ಹೋಗುವವರಿಗೆ ಇದನ್ನು ಕಟ್ಟಿಕೊಡುತ್ತಾರೆ. ನಾನು ಈ ಊರಿಗೆ ಬರುವಾಗ ನನ್ನವ್ವ ಒಂದು ಗಂಟು ಕಟ್ಟಿಕೊಟ್ಟಿದ್ದಳು. ಭಾಷೆ ಬಾರದ ಊರಿನಲ್ಲಿ ಒಂದು ತಿಂಗಳು ನಾನು ಅವ್ವನ ಕೈಯದನ್ನು ಉಂಡೆ. ಆ ಕಾರ್ಖಾನೆಯ ಹುಡುಗರೂ ಹಾಗೆ ಬಂದವರೇ.

ಒಂದು ತಿಂಗಳು ಹೇಗೆ ಮಾಡಬೇಕೆಂದು ಕಲಿಸಿದ್ದ ಅತ್ತೆ, ಯಾಕೆ ಎಂದು ಹೇಳಿದ್ದು ಆಗಲೇ.

ಸುಮನ್ ಎದ್ದು ಒಲೆ ಹೊತ್ತಿಸಿದಳು. ಒಂದು ರೊಟ್ಟಿ ಬಡಿದು, ಬೇಯಿಸಿ, ಒಲೆಯ ಪಕ್ಕಕ್ಕೆ ನಿಲ್ಲಿಸಿ ಒಣಗಿಸಿ ತಂದು ಅತ್ತೆಯ ಎಡಗಿವಿಯ ಹತ್ತಿರ ಹಿಡಿದಳು. ಅತ್ತೆಯ ಬೆರಳು ರೂಢಿಯಂತೆ ಮೇಲೆದ್ದಿತು. ಅಲ್ಲೇ ನಿಂತಿತು. ಆಮೇಲೆ ಆ ಕೈ ರೊಟ್ಟಿಯನ್ನು ಮೆಲ್ಲಗೆ ಸುಮನಳ ಕಿವಿಯ ಕಡೆಗೆ ಸರಿಸಿತು.

"ತೂಚ್ ಐಕ್" ಎಂದಳು. ನೀನೇ ಕೇಳು.

ಸುಮನ್ ತಟ್ಟಿದಳು. ಹದಿನಾಲ್ಕು ಜನ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ತಲೆಯಾಡಿಸಿದಳು. ಅತ್ತೆ, ಸರಿಯಿದೆಯೇ ಎಂದು ಒಂದು ಸಲವೂ ಕೇಳಲಿಲ್ಲ.

ಆ ರೊಟ್ಟಿಯನ್ನೇ ಹಿಡಿದು ಮೂವರೂ ಮ್ಯಾನೇಜರ ಬಳಿ ಹೋದೆವು. ಅವರು ಮುರಿದು ತಿಂದರು, ಬಾಗಿಲಲ್ಲಿ ಇಣುಕುತ್ತಿದ್ದ ಇಬ್ಬರು ನಮ್ಮ ಕಡೆಯ ಹುಡುಗರಿಗೂ ಕೊಟ್ಟರು. ಸೋಮವಾರದಿಂದ ಇನ್ನೊಂದು ವಾರ ನೋಡೋಣ ಎಂದರು. ಆ ವಾರದ ನಂತರ ಅವರು ಬೇಡ ಎನ್ನಲಿಲ್ಲ.

ಆ ದಿನ ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೋಮವಾರದ ಬಗ್ಗೆ ಅತ್ತೆ ಇನ್ನು ಶುರುಮಾಡುತ್ತಾಳೆ ಎಂದು ನಾನು ಕಾದೆ. ತಿರುಗಿ ನೋಡಿದರೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹಗಲು ಹೊತ್ತಿನಲ್ಲಿ ಆಕೆ ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ. ಚಿಂತೆ ಇಳಿದ ಆ ಮುಖ ನನಗೆ ಗುರುತೇ ಹತ್ತಲಿಲ್ಲ. ಎಷ್ಟು ಸಣ್ಣವಳಾಗಿದ್ದಾಳೆ, ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು, ಬೆಳಗಿನಿಂದ ಏನಾದರೂ ಉಂಡಿದ್ದಾಳೆಯೇ? ಬಸ್ಸು ಕುಲುಕಿದರೂ ಏಳಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಬೆಚ್ಚಗೆ ತಾಗಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹಿಡಿದೆ.

ಕಂಡಕ್ಟರು ನಮ್ಮ ಸ್ಟಾಪಿನ ಹೆಸರು ಕೂಗಿದ. ನಾನು ಸುಮ್ಮನೆ ಕುಳಿತೆ. ಮುಂದಿನದರಲ್ಲಿ ಇಳಿದು ನಡೆದು ಬಂದರಾಯಿತು, ಆಕೆ ಇನ್ನೊಂದಿಷ್ಟು ಮಲಗಲಿ.